ಮಗ್ಗುಲಾಗಿ ಮಲಗುವವರು

ಮಲಗುವವರಲ್ಲಿ ಮೂರು ಜಾತಿ: ಅಂಗಾತ ಮಲಗುವವರು, ಬೋರಲು ಮಲಗುವವರು, ಮಗ್ಗುಲಾಗಿ ಮಲಗುವವರು. ಮೊದಲನೆಯವರು ಮನಸ್ಸಿನಲ್ಲಿ ಮುಚ್ಚುಮರೆಯಿಲ್ಲದವರು, ಎರಡನೆಯವರು ಸಾಲ ಕೊಟ್ಟವರಿಗೆ ಮುಖ ತೋರಿಸಲಾರದವರು ಎಂದು ನಮ್ಮ ಆಫೀಸಿನಲ್ಲಿದ್ದ ಗೆಳೆಯರೊಬ್ಬರು ಸಿದ್ಧಾಂತ ಮಾಡಿದ್ದರು. ಮೂರನೆಯವರ ವಿಷಯದಲ್ಲಿ ಅವರು ಏನೂ ಹೇಳಲಿಲ್ಲ. ಅವರೂ ಮಗ್ಗುಲಾಗಿ ಮಲಗುವವರೇ ಇದ್ದಿರಬೇಕು.

ನಾನು ಮೂರನೆಯ ಜಾತಿಯವನು. ಅದರಲ್ಲೂ ಎಡಮಗ್ಗುಲಿನ ಪಂಗಡ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಊಟವಾದ ಮೇಲೆ ಎಡಕ್ಕೆ ಒರಗುವುದಕ್ಕೆ ನಮ್ಮ ಹಿರಿಯರು ವಾಮಕುಕ್ಷಿ ಎಂಬ ಗೌರವದ ಹೆಸರನ್ನೇ ಇಟ್ಟಿದ್ದಾರೆ. ಹಾಗೆ ಮಲಗಿದರೆ ಎದೆಯುರಿ ಕಡಿಮೆಯೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಕುಶಿನಗರದ ಬುದ್ಧ ಮಲಗಿರುವುದು ಬಲಮಗ್ಗುಲಿಗೆ. ಇರಲಿ, ಮಗ್ಗುಲಾದರೆ ಸರಿ. ನಾನು ಎಡಬಲಗಳ ಜಗಳ ತೆಗೆಯುವವನಲ್ಲ.

ಆದರೆ ನಿಜವನ್ನು ಹೇಳಿಬಿಡುತ್ತೇನೆ. ನಾನು ಹುಟ್ಟಿನಿಂದ ಈ ಜಾತಿಯವನಲ್ಲ, ಮದುವೆಯಿಂದ ಆದವನು. ಅಂಗಾತ ಮಲಗಿದರೆ ನನಗೆ ಗೊರಕೆ ಬರುತ್ತದೆ. ಹೊಸದರಲ್ಲಿ ನನ್ನ ಹೆಂಡತಿ ಸಂಕೋಚದಿಂದ ಸಹಿಸಿಕೊಂಡಳು. ಮೂರನೆಯ ತಿಂಗಳಿನಿಂದ ಮೊಣಕೈ ಮಾತಾಡತೊಡಗಿತು. ಬಳೆಯ ಸದ್ದು, ಪಕ್ಕೆಗೆ ಒಂದು ತಿವಿತ, ಆಮೇಲೆ ಎರಡೇ ಮಾತು: "ರೀ, ಮಗ್ಗುಲಾಗಿ." ಮೂವತ್ತೊಂದು ವರ್ಷ ಈ ಪಾಠ ನಡೆಯಿತು. ಅವಳು ಹೋಗಿ ಈಗ ಮೂರು ವರ್ಷ. ಗೊರಕೆ ಹೊಡೆದರೆ ಕೇಳುವವರು ಯಾರೂ ಇಲ್ಲ. ಆದರೂ ದೀಪ ಆರಿಸಿದೊಡನೆ ದೇಹ ತಾನಾಗಿ ಎಡಕ್ಕೆ ಹೊರಳುತ್ತದೆ.

ಹೀಗಿರಲು, ಕಳೆದ ವರ್ಷ ನನ್ನ ಮಗಳು, "ಅಪ್ಪಾ, ಡಿಸೆಂಬರಿನಲ್ಲಿ ಇಬ್ಬರೂ ಕೇದಾರಕಂಠಕ್ಕೆ ಹೋಗೋಣ" ಎಂದಳು. ಅದು ಉತ್ತರಾಖಂಡದಲ್ಲಿ, ಸಾಂಕ್ರಿ ಎಂಬ ಹಳ್ಳಿಯಿಂದ ಹತ್ತುವ ಶಿಖರ. ಎತ್ತರ ಸುಮಾರು 3,800 ಮೀಟರು. ಹಿಮದ ಮೇಲೆ ಡೇರೆಯಲ್ಲಿ ಮಲಗಬೇಕು. ಮನೆಯಲ್ಲಿ ಅಪ್ಪ ಗೋಡೆ ನೋಡುತ್ತ ಕುಳಿತಿರುತ್ತಾನೆಂಬುದು ಅವಳ ಚಿಂತೆ; ಆದರೆ ಅವಳು ಆ ಮಾತನ್ನೆತ್ತಲಿಲ್ಲ, ನಾನೂ ಎತ್ತಲಿಲ್ಲ. ವೈದ್ಯರು ಹೃದಯವನ್ನು ಪರೀಕ್ಷಿಸಿ ಹೋಗಿಬನ್ನಿ ಎಂದರು. ಅಡ್ಡಿ ಬಂದದ್ದು ಹೃದಯದಿಂದಲ್ಲ, ಹಾಸಿಗೆಯಿಂದ.

ಅಭ್ಯಾಸವಾಗಲೆಂದು ಒಂದು ಸ್ಲೀಪಿಂಗ್ ಬ್ಯಾಗನ್ನು ಬಾಡಿಗೆಗೆ ತಂದು ನಮ್ಮ ಮನೆಯ ತಾರಸಿಯ ಮೇಲೆ ಮಲಗಿದೆ. ಈ ಆಕಾರದ ಚೀಲಕ್ಕೆ ಮಮ್ಮಿ ಎಂದು ಹೆಸರು. ಭುಜದ ಬಳಿ ಅಗಲ, ಕಾಲಿನ ಕಡೆಗೆ ಕಿರಿದು, ತಲೆಗೆ ಕುಲಾವಿ. ಈಜಿಪ್ಟಿನ ರಾಜರು ಇದರಲ್ಲಿ ಸಾವಿರಾರು ವರ್ಷ ಅಲುಗಾಡದೆ ಮಲಗಿದರೆಂದರೆ ಆಶ್ಚರ್ಯವಿಲ್ಲ; ಅಲುಗಾಡಲು ಸ್ಥಳವೆಲ್ಲಿ? ನಾನು ಎಡಕ್ಕೆ ಹೊರಳಿದೆ, ಚೀಲ ಹೊರಳಲಿಲ್ಲ. ಕುಲಾವಿ ಮೂಗಿನ ಮೇಲೆ ಬಂದಿತು. ಮಂಡಿ ಮಡಚಹೋದರೆ ಬಟ್ಟೆ ಬಿಗಿಯಿತು. ಕೆಳಗೆ ಸಿಕ್ಕ ಕೈ ಜೋಮು ಹಿಡಿಯಿತು. ಹೊರಗೆ ಬರೋಣವೆಂದರೆ ಜಿಪ್ಪು ಬೆನ್ನ ಹಿಂದೆ! ಬೆಳಗಿನ ಜಾವ ಭುಜ ಒತ್ತಿಕೊಳ್ಳುತ್ತ ಕೆಳಗಿಳಿದು ಬಂದು, "ನೀನು ಗೆಳತಿಯರ ಜೊತೆ ಹೋಗಿ ಬಾರಮ್ಮ" ಎಂದೆ. ಅವಳು ಏನೂ ಅನ್ನಲಿಲ್ಲ. ಕಾಫಿಯ ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಅವಳ ತಾಯಿಯೂ ಹಾಗೆಯೇ, ಬೇಸರವಾದಾಗ ಮಾತಿಲ್ಲದೆ ಕಾಫಿ ಇಡುತ್ತಿದ್ದಳು. ಆ ಸಂಜೆಯೇ ಒಬ್ಬನೇ ಹೊರಟು ಅಂಗಡಿಗೆ ಹೋದೆ.

ಅಂಗಡಿಯ ಹುಡುಗನಿಗೆ ಇಪ್ಪತ್ತೆರಡು ವರ್ಷವಿರಬಹುದು. ಬಜೆಟ್ ಎಷ್ಟೆಂದು ಕೇಳುವ ಮೊದಲೇ ಅವನು, "ಸರ್, ನೀವು ಹೇಗೆ ಮಲಗ್ತೀರಿ?" ಎಂದು ಕೇಳಿದ. ನಾನು ಒಂದು ನಿಮಿಷ ಸುಮ್ಮನಾದೆ. ನನ್ನ ಅರವತ್ತೊಂದು ವರ್ಷದಲ್ಲಿ ಮಂಚ ಮಾರಿದವರು, ಹಾಸಿಗೆ ಹೊಲಿದವರು, ರೈಲಿನ ಬರ್ತು ಕೊಟ್ಟವರು ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. "ಎಡಮಗ್ಗುಲಿಗೆ" ಎಂದೆ. "ಹಾಗಾದರೆ ಮಲಗಿ ಸರ್" ಎಂದು ನೆಲಕ್ಕೆ ಚಾಪೆ ಹಾಸಿಯೇಬಿಟ್ಟ. ಗಿರಾಕಿಗಳ ಎದುರಿಗೆ ಬೂಟು ಬಿಚ್ಚಿ ಮಲಗಿದೆ.

ಮುಂದಿನ ಒಂದು ಗಂಟೆಯಲ್ಲಿ ಆ ಹುಡುಗನಿಂದ ನಾನು ಕಲಿತುದನ್ನು ನಮ್ಮ ಪಂಗಡದವರ ಉಪಯೋಗಕ್ಕಾಗಿ ಬರೆಯುತ್ತೇನೆ. ಚೀಲ ನಮಗೆ ಶಾಖವನ್ನು ಕೊಡುವುದಿಲ್ಲ. ನಮ್ಮ ಶಾಖವನ್ನೇ ನಮಗೆ ಉಳಿಸಿಕೊಡುತ್ತದೆ. ಒಳಗೆ ಹೆಚ್ಚು ಖಾಲಿ ಜಾಗವಿದ್ದರೆ ಅಷ್ಟನ್ನೂ ಮೈಯೇ ಬಿಸಿಮಾಡಬೇಕು. ಆದುದರಿಂದಲೇ ಚೀಲವನ್ನು ಬಿಗಿಯಾಗಿ ಹೊಲಿಯುತ್ತಾರೆ. ಮಗ್ಗುಲಿನವನಿಗಾದರೋ ಭುಜ, ಸೊಂಟ, ಮಂಡಿ ಮೂರರ ಬಳಿಯೂ ಅಗಲ ಬೇಕು. ಭುಜದ ಸುತ್ತಳತೆ 62 ಅಂಗುಲವಿರುವುದು ಸಾಮಾನ್ಯ. ನನ್ನ ಗಾತ್ರದವನಿಗೆ 66 ಇದ್ದರೆ ನೆಮ್ಮದಿ. ಮಂಡಿಯ ಬಳಿ ಮತ್ತೆ ಅಗಲವಾಗುವ ಚೀಲಗಳೂ ಇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ. ಕಾಲು ಮಡಚುವವನು ಏನು ಮಾಡಬೇಕೆಂದು ಗಾದೆ ಹೇಳಿಲ್ಲ. ಅವನು ಉದ್ದಕ್ಕಿಂತ ಹೆಚ್ಚಾಗಿ ಅಗಲವನ್ನು ನೋಡಬೇಕು.

ಎರಡನೆಯದು, ಹೊರಳುವ ಬಗೆ. ಕೆಲವರು ಚೀಲದೊಳಗೆ ಹೊರಳುತ್ತಾರೆ, ಕೆಲವರು ಚೀಲದ ಸಮೇತ. ಒಳಗೆ ಹೊರಳುವವನು ಕುಲಾವಿಯನ್ನು ಬಿಗಿದರೆ ಅದರೊಳಕ್ಕೇ ಉಸಿರು ಬಿಟ್ಟು ರಾತ್ರಿಯೆಲ್ಲ ತೇವ ಮಾಡಿಕೊಳ್ಳುತ್ತಾನೆ. ಅವನು ಕುಲಾವಿಯನ್ನು ಸಡಿಲ ಬಿಟ್ಟು ಉಣ್ಣೆಯ ಟೋಪಿ ಹಾಕಿಕೊಳ್ಳುವುದು ಲೇಸು. ನಾನು ಆ ಬಗೆಯವನು. ಎಡಕ್ಕೆ ಹೊರಳುವವನಿಗೆ ಎಡಗಡೆಯ ಜಿಪ್ಪು ಮುಖದ ಮುಂದೆ, ಕೈಗೆ ಸಿಕ್ಕುವಂತೆ ಬರುತ್ತದೆ.

ಮೂರನೆಯದೇ ಮುಖ್ಯ. ಬಾತುಕೋಳಿಯ ನವಿರು ಗರಿಗಳು ತಮ್ಮ ನಡುವೆ ಗಾಳಿಯನ್ನು ಹಿಡಿದಿಡುವುದರಿಂದ ಬೆಚ್ಚಗಿರುತ್ತವೆ. ಮೈಭಾರಕ್ಕೆ ಅಪ್ಪಚ್ಚಿಯಾದ ಕಡೆ ಗಾಳಿಯಿಲ್ಲ, ಬಿಸಿಯೂ ಇಲ್ಲ. ಮಗ್ಗುಲಾದವನ ಭಾರವೆಲ್ಲ ಭುಜ, ಸೊಂಟ ಎರಡರ ಮೇಲೆಯೇ ಬೀಳುತ್ತದೆ. ಆದುದರಿಂದ ಚೀಲ ಎಷ್ಟು ಒಳ್ಳೆಯದಾದರೂ ಕೆಳಗೆ ಗಾಳಿ ತುಂಬಿದ, ಮೂರು ಅಂಗುಲ ದಪ್ಪದ ಹಾಸು ಬೇಕು. ನೆಲದ ಚಳಿಯನ್ನು ತಡೆಯುವ ಅದರ ಶಕ್ತಿಗೆ ಆರ್ ಎಂಬ ಅಂಕೆಯಿದೆ. ಹಿಮದ ಮೇಲಾದರೆ 5 ಆದರೂ ಇರಲಿ. ಇನ್ನು ದಿಂಬು. 1876ರಲ್ಲಿ ವೇಲ್ಸಿನ ನ್ಯೂಟೌನಿನ ವ್ಯಾಪಾರಿ ಪ್ರೈಸ್ ಜೋನ್ಸ್ ಪೇಟೆಂಟು ಪಡೆದ ಹೊದಿಕೆಚೀಲದಲ್ಲಿಯೇ ಗಾಳಿ ತುಂಬುವ ರಬ್ಬರಿನ ದಿಂಬಿದ್ದಿತಂತೆ. ಆ ಪುಣ್ಯಾತ್ಮನೂ ನಮ್ಮವನೇ ಇರಬಹುದು. ಕಿವಿಗೂ ಭುಜಕ್ಕೂ ನಡುವಿನ ಕಂದಕದ ಆಳ ಮಗ್ಗುಲಿನವನಿಗೆ ಮಾತ್ರ ಗೊತ್ತು.

ಕೊನೆಗೆ ಚಳಿಯ ಅಂಕೆ. ಇದಕ್ಕೆ ಯುರೋಪಿನವರು 2002ರಲ್ಲಿ ಮಾನದಂಡ ಮಾಡಿದರು. ಈಗಿನದರ ಹೆಸರು ಐಎಸ್‌ಒ 23537. ಬಿಸಿಮಾಡಿದ ಬೊಂಬೆಯೊಂದನ್ನು ಚೀಲದಲ್ಲಿ ಮಲಗಿಸಿ ಅಳೆಯುತ್ತಾರೆ. ಚೀಲದ ಮೇಲೆ ಮೂರು ಅಂಕೆ: ಸುಖ, ಮಿತಿ, ವಿಪರೀತ. ಸುಖದ ಅಂಕೆ ಆರಾಮವಾಗಿ ಮಲಗಿದ ಸಾಮಾನ್ಯ ಹೆಂಗಸಿನ ಲೆಕ್ಕ. ಮಿತಿಯ ಅಂಕೆ ಮುದುಡಿಕೊಂಡು ಎಂಟು ಗಂಟೆ ಎಚ್ಚರವಾಗದೆ ಮಲಗಿದ ಸಾಮಾನ್ಯ ಗಂಡಸಿನ ಲೆಕ್ಕ. ವಿಪರೀತವೆಂದರೆ ಆರು ಗಂಟೆ ಹೇಗೋ ಜೀವ ಹಿಡಿದಿರಬಹುದು, ಅಷ್ಟೇ. ಜಾಹೀರಾತಿನಲ್ಲಿ ಕೆಲವೊಮ್ಮೆ ದಪ್ಪಕ್ಷರದಲ್ಲಿ ಕಾಣುವುದು ಈ ಕೊನೆಯ ಅಂಕೆಯೇ! ನಾನು ಸುಖದ ಅಂಕೆ ಮೈನಸ್ 8 ಎಂದಿದ್ದ, ಅಗಲವಾದ, ಎಡಜಿಪ್ಪಿನ ಚೀಲವನ್ನು ಕೊಂಡೆ. ಬಿಗಿಯಾದುದಕ್ಕಿಂತ ಮುನ್ನೂರು ಗ್ರಾಂ ಹೆಚ್ಚು ಭಾರ. ಹೊರಬಹುದು.

ಎರಡನೆಯ ರಾತ್ರಿಯ ಶಿಬಿರದಲ್ಲಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿತ್ತು. ಡೇರೆಯ ಹೊರಗೆ ದೇವದಾರು ಮರಗಳಿಂದ ಹಿಮ ಜಾರಿ ಬೀಳುವ ಸದ್ದು. ಹಗಲೆಲ್ಲ ಹತ್ತಿದ ಆಯಾಸ; ಯಾವಾಗ ನಿದ್ದೆ ಬಂದಿತೋ, ಯಾವಾಗ ಅಂಗಾತನಾದೆನೋ ನನಗೆ ತಿಳಿಯದು. ಪಕ್ಕದ ಚೀಲದಿಂದ ನನ್ನ ಪಕ್ಕೆಗೆ ಒಂದು ತಿವಿತ ಬಂದಿತು.

"ಅಪ್ಪಾ, ಮಗ್ಗುಲಾಗು."

ನಿದ್ದೆಗಣ್ಣಿನ ದನಿ. ಬಳೆಯ ಸದ್ದೊಂದು ಇರಲಿಲ್ಲ, ಅಷ್ಟೇ. ನಾನು ಎಡಕ್ಕೆ ಹೊರಳಿದೆ. ಚೀಲ ಅಡ್ಡಿ ಮಾಡಲಿಲ್ಲ.