ನಿವಾಸಿ ದರದ ಪ್ರವಾಸಿಗಳು

ಆಫ್ರಿಕಾಕ್ಕೆ ಹೊರಟ ಸಂಸಾರ ಮೊದಲು ಕಟ್ಟಿಕೊಳ್ಳುವುದೇ ತಪ್ಪು ಬಟ್ಟೆ. ಕೀನ್ಯಾದ ನೈರೋಬಿಗೆ ವರ್ಗವಾಯಿತು ಎಂದ ಕೂಡಲೇ ಬೆಂಗಳೂರಿನ ಮನೆಯಲ್ಲಿ ತೆಳು ಹತ್ತಿಯ ಅಂಗಿ, ಅಗಲ ಅಂಚಿನ ಟೋಪಿ, ಸೊಳ್ಳೆ ಪರದೆಗಳು ಸೂಟ್‌ಕೇಸು ಸೇರುತ್ತವೆ. ಹಳದಿ ಜ್ವರದ ಲಸಿಕೆಯ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ಸ್ವೆಟರುಗಳನ್ನು ಅಟ್ಟಕ್ಕೆ ಹಾಕಿ ಹೋಗುತ್ತಾರೆ. ನೈರೋಬಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಬೆಂಗಳೂರಿನ ಎರಡರಷ್ಟು ಎತ್ತರದಲ್ಲಿ. ಸಮಭಾಜಕ ವೃತ್ತಕ್ಕೆ ಅಂಟಿಕೊಂಡೇ ಇದ್ದರೂ ಜುಲೈ ತಿಂಗಳ ಬೆಳಗು ಅಲ್ಲಿ ಮೈ ನಡುಗಿಸುತ್ತದೆ. ಬಟ್ಟೆಯ ತಪ್ಪು ದೊಡ್ಡದಲ್ಲ, ಮೊದಲ ವಾರವೇ ಅಂಗಡಿಗೆ ಹೋಗಿ ಸರಿಮಾಡಿಕೊಳ್ಳಬಹುದು. ಅದೇ ಸೂಟ್‌ಕೇಸಿನಲ್ಲಿ ಮಡಚಿಕೊಂಡು ಹೋದ ಇನ್ನೊಂದು ನಂಬಿಕೆ ಮಾತ್ರ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಆಫ್ರಿಕಾ ಎಂದರೆ ನೋಡುವ ಜಾಗ, ಬಾಳುವ ಜಾಗ ಅಲ್ಲ ಎಂಬ ನಂಬಿಕೆ ಅದು. ಒಂದು ಸಂಸಾರ ಹೊಸ ದೇಶಕ್ಕೆ ನಿಜವಾಗಿ ಹೋಗಿ ಸೇರಿತೇ ಎಂಬುದಕ್ಕೆ ವೀಸಾಕ್ಕಿಂತ ಒಳ್ಳೆಯ ಸಾಕ್ಷಿ ಅದರ ಭಾನುವಾರದ ತಿರುಗಾಟ ಎಂಬುದು ನನ್ನ ವಾದ.

ಭಾನುವಾರಕ್ಕೆ ಮೊದಲು ವಾರದ ದಿನಗಳನ್ನು ನೋಡಬೇಕು. ಬಾಡಿಗೆ ಮನೆ ಸಾಮಾನ್ಯವಾಗಿ ಪಾರ್ಕ್‌ಲ್ಯಾಂಡ್ಸಿನಲ್ಲೋ ವೆಸ್ಟ್‌ಲ್ಯಾಂಡ್ಸಿನಲ್ಲೋ ಸಿಗುತ್ತದೆ. ಎತ್ತರದ ಕಾಂಪೌಂಡು, ಅದರ ಮೇಲೆ ಕರೆಂಟಿನ ತಂತಿ, ಗೇಟಿನಲ್ಲಿ ಹಗಲೂ ರಾತ್ರಿ ಕಾವಲಿರುವ ಅಸ್ಕಾರಿ. ಈ ಬಡಾವಣೆಯನ್ನು ತಾವೇ ಆರಿಸಿಕೊಂಡೆವು ಎಂದು ಸಂಸಾರ ತಿಳಿದಿರುತ್ತದೆ. ವಾಸ್ತವದಲ್ಲಿ ಅದನ್ನು ಆರಿಸಿಟ್ಟವರು ನೂರು ವರ್ಷದ ಹಿಂದಿನ ವಸಾಹತು ಅಧಿಕಾರಿಗಳು: ಹಸಿರು ದಿಬ್ಬಗಳು ಬಿಳಿಯರಿಗೆ, ಪಾರ್ಕ್‌ಲ್ಯಾಂಡ್ಸಿನ ಸುತ್ತುಮುತ್ತ ಭಾರತೀಯರಿಗೆ, ಪೂರ್ವ ದಿಕ್ಕಿನ ಈಸ್ಟ್‌ಲ್ಯಾಂಡ್ಸ್ ಆಫ್ರಿಕನ್ನರಿಗೆ. ಆ ನಕ್ಷೆ ಕಾನೂನಾಗಿ ಉಳಿದಿಲ್ಲ, ರೂಢಿಯಾಗಿ ಉಳಿದಿದೆ. ಹತ್ತಿರದ ಡೈಮಂಡ್ ಪ್ಲಾಜಾದಲ್ಲಿ ಇಂಗಿನಿಂದ ಅಗರಬತ್ತಿಯವರೆಗೆ ಎಲ್ಲವೂ ಸಿಗುತ್ತದೆ, ಹಿಂದಿಯಲ್ಲೋ ಗುಜರಾತಿಯಲ್ಲೋ ಚೌಕಾಸಿ ಮಾಡಬಹುದು. ಆಫೀಸು, ಶಾಲೆ, ಮಾಲು, ದೇವಸ್ಥಾನ ಎಲ್ಲಕ್ಕೂ ಕಾರು. ಈ ದಿನಚರಿಯಲ್ಲಿ, ಸಹಪಾಠಿಗಳನ್ನು ಬಿಟ್ಟರೆ, ಮನೆಯ ಮಗು ಹೆಸರು ಹಿಡಿದು ಕರೆಯುವ ಕೀನ್ಯಾದವರು ಮೂರೇ ಮಂದಿ: ಗೇಟಿನವನು, ಡ್ರೈವರು, ಮನೆಗೆಲಸದಾಕೆ. ಮೂವರೂ ಮಗುವಿನ ಅಪ್ಪ ಅಮ್ಮ ಕೊಡುವ ಹಣಕ್ಕೆ ಕೆಲಸ ಮಾಡುವವರು. ಒಂದು ದೇಶವನ್ನು ಅದರ ಆಳುಗಳಿಂದಷ್ಟೇ ಅರಿತ ಮಗು ಆ ದೇಶದ ಬಗ್ಗೆ ಏನು ತಿಳಿದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಾನುವಾರ. ನೈರೋಬಿಯಲ್ಲಿ ತಿರುಗಾಟಕ್ಕೆ ಕೊರತೆಯಿಲ್ಲ. ಊರ ನಡುವಿನಿಂದ ಏಳು ಕಿಲೋಮೀಟರ್ ಹೋದರೆ 1946ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನ, 117 ಚದರ ಕಿಲೋಮೀಟರ್ ಹುಲ್ಲುಗಾವಲು. ಸಿಂಹವನ್ನೂ ಅದರ ಹಿಂದೆ ಗಗನಚುಂಬಿ ಕಟ್ಟಡಗಳನ್ನೂ ಒಂದೇ ಫೋಟೋದಲ್ಲಿ ಹಿಡಿಯಬಹುದಾದ ರಾಜಧಾನಿ ಬೇರೆಲ್ಲಿದೆ? ಲಂಗಾಟಾದಲ್ಲಿ ಜಿರಾಫೆಗೆ ಕೈಯಾರೆ ತಿನ್ನಿಸಬಹುದು, ಅನಾಥ ಆನೆಮರಿಗಳು ಬಾಟಲಿ ಹಾಲು ಕುಡಿಯುವುದನ್ನು ನೋಡಬಹುದು. ಉದ್ದ ರಜೆ ಸಿಕ್ಕರೆ ನಕುರು ಸರೋವರ, ಮಸಾಯಿ ಮಾರಾ. ಇವೆಲ್ಲ ಅದ್ಭುತ ಎಂಬುದರಲ್ಲಿ ತಕರಾರಿಲ್ಲ. ಅಲ್ಲಿನ ಟಿಕೆಟ್ ಪಟ್ಟಿಯೂ ಸ್ವಾರಸ್ಯಕರ: ನಾಗರಿಕರಿಗೆ ಒಂದು ದರ, ಹೊರಗಿನಿಂದ ಬಂದ ಪ್ರವಾಸಿಗೆ ಹಲವು ಪಟ್ಟು ದರ, ಗುರುತಿನ ಚೀಟಿ ತೋರಿಸುವ ವಿದೇಶಿ ನಿವಾಸಿಗೆ ರಿಯಾಯಿತಿ. ನಮ್ಮ ಸಂಸಾರ ಹೆಮ್ಮೆಯಿಂದ ನಿವಾಸಿ ದರ ಕೊಟ್ಟು ಒಳಗೆ ಹೋಗುತ್ತದೆ, ಪ್ರವಾಸಿ ನೋಡುವುದನ್ನೇ ನೋಡಿ ಬರುತ್ತದೆ. ಉದ್ಯಾನದೊಳಗೆ ಒಂದು ನಿಯಮವಿದೆ, ಗೊತ್ತುಮಾಡಿದ ಕೆಲವು ಜಾಗ ಬಿಟ್ಟು ಬೇರೆಲ್ಲೂ ವಾಹನದಿಂದ ಇಳಿಯಕೂಡದು. ಸಿಂಹಗಳ ನಡುವೆ ಅದು ವಿವೇಕದ ನಿಯಮ. ಆದರೆ ಗೇಟು ದಾಟಿ ಹೊರಬಂದ ಮೇಲೂ ಸಂಸಾರ ಅದನ್ನೇ ಪಾಲಿಸುತ್ತದೆ. ಲಕ್ಷಾಂತರ ಜನರ ಊರನ್ನು ಏರಿಸಿದ ಗಾಜಿನ ಹಿಂದೆ ಕೂತು ದಾಟುತ್ತದೆ. ಕಾಡಿನ ಕಾನೂನು ಊರಿಗೂ ಬಂದದ್ದೇ ಎಲ್ಲ ತೊಡಕಿನ ಮೂಲ.

ಕಾರಿನಿಂದ ಇಳಿಯದವರಿಗೆ ಏನು ನಷ್ಟ ಎಂದು ಕೇಳಬಹುದು. ಕನ್ನಡದ ಸಂಸಾರಕ್ಕಾದರೆ ಮೊದಲ ನಷ್ಟ ಅಡುಗೆಮನೆಯದು. ಊರಿಂದ ಬರುವವರ ಕೈಯಲ್ಲಿ ರಾಗಿ ಹಿಟ್ಟು ತರಿಸಿಕೊಳ್ಳುವ ಮನೆಗಳಿವೆ, ಸಾಮಾನಿನ ತೂಕ ಮೀರಿದರೂ ಹಿಟ್ಟು ಬಿಡುವುದಿಲ್ಲ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಮಲೆಗಳಲ್ಲಿ ಅದನ್ನು ಮೊದಲು ಬೆಳೆದರು, ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ಕೀನ್ಯಾದಲ್ಲಿ ಇಂದಿಗೂ ಅದು ವಿಂಬಿ ಎಂಬ ಹೆಸರಿನಲ್ಲಿ ಸಂತೆಗೆ ಬರುತ್ತದೆ. ಅದರ ಗಂಜಿ ಉಜಿ, ಮಕ್ಕಳ ಬೆಳಗಿನ ಆಹಾರ. ರಾಗಿ ಬೆರೆಸಿ ತೊಳಸಿದ ಕಂದು ಬಣ್ಣದ ಉಗಾಲಿಯನ್ನು ಕೈಯಲ್ಲಿ ಮುರಿದು ಸೊಪ್ಪಿನ ಪಲ್ಯದ ಜೊತೆ ಉಣ್ಣುವವರನ್ನು ನೋಡಿದರೆ ಮಂಡ್ಯದವರಿಗೆ ಪರಿಚಯ ಮಾಡಿಕೊಡುವ ಅಗತ್ಯವೇ ಬೀಳದು, ಅಲ್ಲಿ ಅಗಿಯುತ್ತಾರೆ, ಇಲ್ಲಿ ನುಂಗುತ್ತಾರೆ, ವ್ಯತ್ಯಾಸ ಅಷ್ಟೇ. ಮಚಾಕೋಸ್, ಮಕುವೇನಿ ಕಡೆಯ ಒಣಭೂಮಿ ಕಲಬುರಗಿಯಂತೆ ತೊಗರಿಯ ಸೀಮೆ. ಅಲ್ಲಿಯೂ ಹಸಿ ತೊಗರಿಕಾಯಿ ಸುಲಿದು ಬೇಯಿಸಿ ತಿನ್ನುತ್ತಾರೆ. ಬೀದಿ ಮೂಲೆಯಲ್ಲಿ ಸೊಪ್ಪು ತರಕಾರಿ ಮಾರುವ ಮಾಮಾ ಮ್ಬೋಗಾ ಸುಕುಮಾ ವಿಕಿ ಸೊಪ್ಪನ್ನು ನಿಮ್ಮೆದುರೇ ಸಣ್ಣಗೆ ಹೆಚ್ಚಿ ಕೊಡುತ್ತಾಳೆ, ದುಡ್ಡನ್ನು ಮೊಬೈಲಿನಲ್ಲಿ ಎಂ-ಪೆಸಾ ಮೂಲಕ ತೆಗೆದುಕೊಳ್ಳುತ್ತಾಳೆ. 2007ರಲ್ಲಿ ಶುರುವಾದ ಆ ವ್ಯವಸ್ಥೆ ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಹಳೆಯದು. ಆಫ್ರಿಕಾದಲ್ಲಿ ನಮಗೆ ನಿಜವಾದ ನಂಟಸ್ತಿಕೆ ಇರುವುದು ಆ ಬೀದಿ ಮೂಲೆಯಲ್ಲಿ. ಮಾರಾದ ಸಿಂಹದ ಜೊತೆ ನಮಗೆ ಯಾವ ಸಂಬಂಧವೂ ಇಲ್ಲ.

ಎರಡನೆಯ ನಷ್ಟ ನೆನಪಿನದು. ರಜೆಯಲ್ಲಿ ಮೊಂಬಾಸಾ ಕಡಲಿಗೆ ಹೋಗುವವರು 2017ರಿಂದ ಓಡುತ್ತಿರುವ ಮದರಾಕಾ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ರೈಲು ತ್ಸಾವೊ ಕಾಡನ್ನು ದಾಟುವಾಗ ಮಕ್ಕಳು ಆನೆ ಕಂಡೀತೇ ಎಂದು ಕಿಟಕಿಗೆ ಮೂಗು ಒತ್ತುತ್ತಾರೆ, ದೊಡ್ಡವರು 1898ರ ನರಭಕ್ಷಕ ಸಿಂಹಗಳ ಕಥೆ ಹೇಳುತ್ತಾರೆ. ಆ ಸಿಂಹಗಳು ಕಾಡಿದ ಹಳೆಯ ರೈಲುದಾರಿ 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಂಡೆಯವರೆಗೆ ಹಾಸಿದ್ದು. ಹಾಸಿದವರು ಸುಮಾರು 32,000 ಭಾರತೀಯ ಕೂಲಿಗಳು, ಹೆಚ್ಚಿನವರು ಪಂಜಾಬಿನವರು. ಅವರಲ್ಲಿ ಸುಮಾರು 2,500 ಮಂದಿ ಸತ್ತರು, ಅಂದರೆ ಮೈಲಿಗೆ ನಾಲ್ವರು. ಸಿಂಹಗಳ ಬಾಯಿಗೆ ಬಿದ್ದವರ ಅತಿ ದೊಡ್ಡ ಲೆಕ್ಕವೇ 135. ಆಮೇಲಿನ ವೈಜ್ಞಾನಿಕ ಅಂದಾಜು ಸುಮಾರು 35ಕ್ಕೆ ಇಳಿಯುತ್ತದೆ. ಉಳಿದವರನ್ನು ಕೊಂದದ್ದು ಜ್ವರ, ಭೇದಿ, ಅಪಘಾತ. ಎರಡು ಸಿಂಹಗಳಿಗೆ ಪುಸ್ತಕ, ಸಿನಿಮಾ, ಅಮೆರಿಕದ ವಸ್ತುಸಂಗ್ರಹಾಲಯದಲ್ಲಿ ಜಾಗ ಎಲ್ಲವೂ ಸಿಕ್ಕವು. ಸತ್ತ ಸಾವಿರಾರು ಕೂಲಿಗಳಿಗೆ ರೈಲಿನ ಕಿಟಕಿಯಲ್ಲಿ ಒಂದು ಮಾತೂ ಸಿಗುವುದಿಲ್ಲ. 1899ರಲ್ಲಿ ರೈಲಿನ ಸಾಮಾನು ಇಡುವ ತಾಣವಾಗಿ ಶುರುವಾದದ್ದೇ ನೈರೋಬಿ. ಊರು ಹುಟ್ಟಿದ್ದರಲ್ಲೇ ನಮ್ಮ ದೇಶದವರ ಬೆವರಿದ್ದರೂ ನಮ್ಮ ಸಂಸಾರ ಅಲ್ಲಿ ನೆಂಟರ ಮನೆಯಲ್ಲೇ ಅಪರಿಚಿತರಂತೆ ಓಡಾಡುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಸುರಕ್ಷತೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕತ್ತಲಾದ ಮೇಲೆ ನಡೆದು ಹೋಗಬಾರದ ಬೀದಿಗಳು ನೈರೋಬಿಯಲ್ಲಿವೆ, ಮೊಬೈಲು ಕಸಿಯುವವರಿದ್ದಾರೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಧೈರ್ಯದ ಉಪದೇಶ ಮಾಡುವುದು ದೂರ ಕೂತವರಿಗೆ ಸುಲಭ. ಆದರೆ ಅಪಾಯದ ನಕ್ಷೆಯೂ ನಾವು ಅಂದುಕೊಂಡ ಹಾಗಿಲ್ಲ. 2013ರ ಸೆಪ್ಟೆಂಬರ್ 21ರಂದು ಉಗ್ರರು ನುಗ್ಗಿ 67 ಜನರನ್ನು ಕೊಂದದ್ದು ಯಾವುದೋ ಸಂತೆಯಲ್ಲಲ್ಲ, ವೆಸ್ಟ್‌ಲ್ಯಾಂಡ್ಸಿನ ವೆಸ್ಟ್‌ಗೇಟ್ ಮಾಲಿನಲ್ಲಿ, ಅನುಕೂಲಸ್ಥರು ಶನಿವಾರ ನೆಮ್ಮದಿಯಿಂದ ಕಾಲ ಕಳೆಯುತ್ತಿದ್ದ ಜಾಗದಲ್ಲಿ. ಹಾಗೆಂದು ಮಾಲು ಬಿಡಿ ಎನ್ನುವುದೂ ಮೂರ್ಖತನ. ದೊಡ್ಡ ಕೇಡಿನಿಂದ ಗೇಟು ಕಾಯಲಾರದು, ಸಣ್ಣ ಕಳವಿನಿಂದ ಕಾದೀತು ಎಂದಷ್ಟೇ ಇದರ ಅರ್ಥ. ಸಣ್ಣ ಕಳವಿನ ಎಚ್ಚರ ನಮಗೆ ಹೊಸದೇನಲ್ಲ, ಮೆಜೆಸ್ಟಿಕ್ಕಿನಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುತ್ತ ಬೆಳೆದವರು ನಾವು. ಎಚ್ಚರಕ್ಕೆ ಹೊತ್ತು ಗೊತ್ತು, ಬೀದಿ ಗೊತ್ತು. ಭಯಕ್ಕೆ ಎಲ್ಲ ಹೊತ್ತೂ ಒಂದೇ, ಎಲ್ಲ ಬೀದಿಯೂ ಒಂದೇ. ಬೆಳಗಿನ ಹತ್ತು ಗಂಟೆಗೆ ಮನೆಯ ಮುಂದಿನ ತರಕಾರಿ ಅಂಗಡಿಗೂ ಕಾರಿನಲ್ಲಿ ಹೋಗುವವರನ್ನು ನಡೆಸುತ್ತಿರುವುದು ಈ ಎರಡನೆಯದು.

ಎರಡನೆಯ ಆಕ್ಷೇಪ: ನಾವಿರುವುದು ಎರಡು ವರ್ಷದ ಪರ್ಮಿಟ್ಟಿನ ಮೇಲೆ, ಬೇರು ಬಿಡಲು ಬಂದವರಲ್ಲ. ಎರಡು ವರ್ಷ ಅಪ್ಪನಿಗೆ ಕಾಂಟ್ರ್ಯಾಕ್ಟು ಇರಬಹುದು, ಆರು ವರ್ಷದ ಮಗುವಿಗೆ ಅದು ಅಲ್ಲಿಯವರೆಗಿನ ಆಯಸ್ಸಿನ ಮೂರನೇ ಒಂದು ಪಾಲು. ಬಾಲ್ಯಕ್ಕೆ ತಾತ್ಕಾಲಿಕ ಎಂಬ ವಿಭಾಗವಿಲ್ಲ. ಮೂರನೆಯದು ಊಟದ ಆಕ್ಷೇಪ: ಅಲ್ಲಿನ ಜನ ಸೇರುವುದೇ ಸುಟ್ಟ ಮಾಂಸದ ನ್ಯಾಮಾ ಚೋಮಾ ಸುತ್ತ, ಸಸ್ಯಾಹಾರಿಗಳು ಏನು ಮಾಡಬೇಕು? ಮೆಕ್ಕೆಜೋಳವೂ ಕಾಳೂ ಬೆಂದ ಗಿಥೇರಿ, ಹೆಸರುಕಾಳಿನ ಎನ್‌ಡೆಂಗು, ಸೊಪ್ಪು, ಉಗಾಲಿ ಇವೆಲ್ಲ ದಿನನಿತ್ಯದ ಊಟ, ಮಾಂಸ ಹಲವು ಮನೆಗಳಲ್ಲಿ ವಿಶೇಷ ದಿನಕ್ಕೆ. ಅದೂ ಅಲ್ಲದೆ ಕೀನ್ಯಾದ ಹಬ್ಬದೂಟದಲ್ಲಿ ಚಪಾತಿಗೆ ಗೌರವದ ಸ್ಥಾನ. ಕ್ರಿಸ್‌ಮಸ್ಸಿಗೆ ಚಪಾತಿ ಲಟ್ಟಿಸದ ಮನೆಯ ಮಕ್ಕಳು ಮುನಿಸಿಕೊಳ್ಳುತ್ತಾರೆ. ಭಾರತೀಯರಿಂದ ಅವರು ಚಪಾತಿ ಕಲಿತು ತಮ್ಮದಾಗಿಸಿಕೊಂಡರು, ನಾವು ಇನ್ನೂ ಅವರಿಂದ ಉಗಾಲಿ ಕಲಿಯುವುದಿದೆ.

ನಾಲ್ಕನೆಯ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಅವರೇ ನಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮುಹಿಂಡಿ, ಅಂದರೆ ಭಾರತೀಯ, ಎಂದು ಬೇರೆಯಾಗಿಯೇ ನೋಡುತ್ತಾರೆ ಎನ್ನುತ್ತಾರೆ. 1972ರಲ್ಲಿ ಪಕ್ಕದ ಉಗಾಂಡಾದಲ್ಲಿ ಇದಿ ಅಮೀನ್ ಏಷ್ಯನ್ನರಿಗೆ ತೊಂಬತ್ತು ದಿನದ ಗಡುವು ಕೊಟ್ಟು ಓಡಿಸಿದ. ಕೀನ್ಯಾದಿಂದಲೂ ಅರುವತ್ತರ ದಶಕದ ಕೊನೆಗೆ ಸಾವಿರಾರು ಮಂದಿ ಬ್ರಿಟನ್ನಿಗೆ ಹೊರಟರು. ಆ ಭಯ ಸುಳ್ಳಲ್ಲ. ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವಸಾಹತು ಏಣಿಯ ನಡುವಿನ ಮೆಟ್ಟಿಲಲ್ಲಿ ನಿಂತಿದ್ದ ಅಂಗಡಿಕಾರ ಭಾರತೀಯ ಮೇಲಿನವನಿಗೆ ಕೈಮುಗಿದು ಕೆಳಗಿನವನನ್ನು ಗದರಿಸಿದ್ದು ಅಲ್ಲಿನ ಜನರ ನೆನಪಿನಲ್ಲಿದೆ. ಅದೇ ನೆನಪಿನಲ್ಲಿ ಬೇರೆ ಹೆಸರುಗಳೂ ಇವೆ: ಕಾರ್ಮಿಕರನ್ನು ಸಂಘಟಿಸಿದ್ದಕ್ಕಾಗಿ 1950ರಿಂದ 1961ರವರೆಗೆ ಬ್ರಿಟಿಷರ ಬಂಧನದಲ್ಲಿದ್ದ ಮಖನ್ ಸಿಂಗ್, ಸ್ವಾತಂತ್ರ್ಯ ಹೋರಾಟದಲ್ಲಿ ದುಡಿದು 1965ರಲ್ಲಿ ಗುಂಡಿಗೆ ಬಲಿಯಾದ ಗೋವಾ ಮೂಲದ ಪಿಯೊ ಗಾಮಾ ಪಿಂಟೊ. 2017ರಲ್ಲಿ ಕೀನ್ಯಾ ಸರ್ಕಾರ ಏಷ್ಯಾ ಮೂಲದ ತನ್ನ ನಾಗರಿಕರನ್ನು ದೇಶದ 44ನೇ ಬುಡಕಟ್ಟು ಎಂದು ಅಧಿಕೃತವಾಗಿ ಒಪ್ಪಿಕೊಂಡಿತು. ಬಾಗಿಲು ಪೂರ್ತಿ ತೆರೆದಿದೆ ಎಂದಲ್ಲ, ಆದರೆ ಒಳಗೆ ಹೋದವರಿದ್ದಾರೆ. ಹೋದವರೆಲ್ಲ ಅಲ್ಲಿನ ಜನರ ಜೊತೆ ಏನನ್ನಾದರೂ ಹಂಚಿಕೊಂಡೇ ಹೋಗಿದ್ದಾರೆ.

ಹಂಚಿಕೊಳ್ಳಲು ನೈರೋಬಿಯಲ್ಲಿ ಜಾಗಗಳಿಗೆ ಬರವಿಲ್ಲ. ಊರ ಉತ್ತರಕ್ಕೆ ಸಾವಿರ ಹೆಕ್ಟೇರು ಮೀರಿದ ಕರೂರಾ ಕಾಡು ಇದೆ. ಅದನ್ನು ಕಟ್ಟಡದವರಿಗೆ ಹಂಚಲು ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಸಸಿ ಹಿಡಿದು ನಿಂತರು. 1999ರ ಜನವರಿಯಲ್ಲಿ ಗೂಂಡಾಗಳ ಏಟಿಗೆ ಅವರ ತಲೆ ಒಡೆಯಿತು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇಂದು ಅಲ್ಲಿ ಕೀನ್ಯಾದ ಸಂಸಾರಗಳು ಸೈಕಲ್ ತುಳಿಯುತ್ತವೆ, ಜಲಪಾತದ ಬಳಿ ಬುತ್ತಿ ಬಿಚ್ಚುತ್ತವೆ. ಟಿಕೆಟ್ ಅಲ್ಲಿಯೂ ಇದೆ, ಆದರೆ ಕಾರಿನಿಂದ ಇಳಿದೇ ಹೋಗಬೇಕು, ಎದುರು ಸಿಗುವವರು ನಮ್ಮ ಹಾಗೆಯೇ ಮಕ್ಕಳನ್ನು ಗದರುತ್ತ ನಡೆಯುವ ಅಪ್ಪ ಅಮ್ಮಂದಿರು. ಊರ ನಡುವೆ ಜೀವಂಜೀ ತೋಟವಿದೆ. ಕರಾಚಿಯಿಂದ ಬಂದು ರೈಲು ಕೆಲಸದ ಗುತ್ತಿಗೆಯಲ್ಲಿ ಶ್ರೀಮಂತರಾದ ಎ. ಎಂ. ಜೀವಂಜೀ ಊರಿಗೆ ಕೊಟ್ಟದ್ದು. 1991ರಲ್ಲಿ ಅಲ್ಲಿ ಬಹುಮಹಡಿ ಕಾರು ನಿಲ್ದಾಣ ಕಟ್ಟುವ ಯೋಜನೆ ಬಂದಾಗ ಅವರ ಮೊಮ್ಮಗಳು ಜರೀನಾ ಪಟೇಲ್ ಜನರನ್ನು ಕೂಡಿಸಿ ತಡೆದರು. ಸಿರಿವಂತರಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಊಟದ ಬಿಡುವಿನಲ್ಲಿ ಗುಮಾಸ್ತರು ಮಲಗುತ್ತಾರೆ, ಪಾದ್ರಿಗಳು ಕೂಗಿ ಬೋಧಿಸುತ್ತಾರೆ. ಆದರೂ ಒಬ್ಬ ಭಾರತೀಯ ಮೂಲದ ಮಹಿಳೆ ತಾನು ಈ ಊರಿನವಳು ಎಂದು ಹೇಳಿಕೊಂಡದ್ದು ಆ ತೋಟಕ್ಕಾಗಿ. ಇನ್ನು 90 ಕಿಲೋಮೀಟರ್ ಆಚೆಯ ನೈವಾಶಾ ಸರೋವರಕ್ಕೆ ನೀರಾನೆ ನೋಡಲು ಎಲ್ಲರೂ ಹೋಗುತ್ತಾರೆ. ದಂಡೆಯ ಗಾಜಿನ ಮನೆಗಳಲ್ಲಿ ಸಾವಿರಾರು ಹೆಂಗಸರು ಯುರೋಪಿಗೆ ಹೋಗುವ ಗುಲಾಬಿ ಕತ್ತರಿಸುತ್ತಿರುತ್ತಾರೆ. 2007ರಲ್ಲಿ ಅಲ್ಲಿನ ದೊಡ್ಡ ತೋಟವೊಂದನ್ನು ಬೆಂಗಳೂರಿನ ಕಂಪನಿಯೊಂದು ಕೊಂಡಿತ್ತು, 2014ರಲ್ಲಿ ಅದು ಸಾಲ ಕೊಟ್ಟವರ ವಶವಾಯಿತು. ನೀರಾನೆಯ ಫೋಟೋದ ಹಿನ್ನೆಲೆಯಲ್ಲಿ ನಮ್ಮ ಊರಿನ ದುಡ್ಡಿನ ಕಥೆಯೂ ಇದೆ.

ಹಾಗಾದರೆ ಸಫಾರಿ ಬಿಡಬೇಕೆ? ಬೇಡ. ಹೋದ ಹೊಸತರಲ್ಲಿ ಸಿಂಹ, ಆನೆ, ಜಿರಾಫೆ ಎಲ್ಲವನ್ನೂ ಆಸೆ ತೀರುವವರೆಗೆ ನೋಡಲಿ. ಆಸೆ ತೀರಿದ ಮೇಲಿನ ಭಾನುವಾರಗಳ ಬಗ್ಗೆ ನನ್ನ ಮಾತು. ತಿಂಗಳಿಗೊಂದು ಸಲ ಕಾರಿನಿಂದ ಇಳಿಯುವ ತಿರುಗಾಟ, ವಾರಕ್ಕೊಂದು ಸಲ ಬೀದಿ ಮೂಲೆಯ ಸೊಪ್ಪು, ಮಗುವಿನ ಕೀನ್ಯನ್ ಸಹಪಾಠಿಯ ಮನೆಗೆ ಒಂದು ಭೇಟಿ, ಅವರನ್ನು ಮರಳಿ ಊಟಕ್ಕೆ ಕರೆಯುವುದು. ಇದಕ್ಕೆ ಹಣ ಬೇಡ, ಶೌರ್ಯವೂ ಬೇಡ, ಸ್ವಲ್ಪ ಮುಜುಗರ ತಾಳುವ ಶಕ್ತಿ ಬೇಕು. ಕಡಿಮೆ ದರದ ಟಿಕೆಟನ್ನು ಸರ್ಕಾರ ಒಂದು ಗುರುತಿನ ಚೀಟಿ ನೋಡಿ ಕೊಟ್ಟುಬಿಡುತ್ತದೆ. ಆ ಚೀಟಿಯಲ್ಲಿ ಬರೆದದ್ದನ್ನು ನಿಜ ಮಾಡುವ ಕೆಲಸವನ್ನು ಯಾವ ಸರ್ಕಾರವೂ ಮಾಡಿಕೊಡಲಾರದು. ಅದು ಸಂಸಾರದ್ದೇ ಕೆಲಸ, ಮತ್ತು ಎರಡು ವರ್ಷ ಅದಕ್ಕೆ ಸಾಕಷ್ಟು ದೊಡ್ಡ ಅವಧಿ.