ಇಚ್ಛೆಗೊಂದು ಎಲ್ಲೆ, ಮನೆಗೊಂದು ಲೆಕ್ಕ

ಶ್ರಾವಕನ ಐದು ಅಣುವ್ರತಗಳಲ್ಲಿ ಅಹಿಂಸೆಯನ್ನು ಕುರಿತು ನಾವು ಆಡುವ ಮಾತು ಹೆಚ್ಚು. ಐದನೆಯದಾದ ಪರಿಗ್ರಹ ಪರಿಮಾಣವನ್ನು ಕುರಿತು ಆಡುವ ಮಾತು ಕಡಿಮೆ. ರಾತ್ರಿಭೋಜನ ತ್ಯಾಗವೇನು, ಕಂದಮೂಲಗಳನ್ನು ಏಕೆ ವರ್ಜಿಸಬೇಕು ಎಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಆದರೆ ಮನೆಗೆ ಬರುವ ಹಣವೆಷ್ಟು, ಇರುವ ಸಾಲವೆಷ್ಟು, ಗಳಿಕೆಯ ಆಸೆ ಎಲ್ಲಿಗೆ ನಿಲ್ಲಬೇಕು ಎಂಬ ವಿಚಾರ ಮಾತ್ರ ಅನೇಕ ಕಡೆ ಯಜಮಾನನೊಬ್ಬನ ಎದೆಯಲ್ಲಿಯೇ ಉಳಿದುಬಿಡುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ, ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಗುರುತಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಗೃಹಸ್ಥನಿಗೆ ಗಳಿಕೆ ನಿಷಿದ್ಧವಲ್ಲ. ಧನಧಾನ್ಯಾದಿಗಳಿಗೆ ಮುಂಚಿತವಾಗಿಯೇ ಎಲ್ಲೆ ಹಾಕಿಕೊಂಡು, ಅದರಾಚೆಗಿನದನ್ನು ಬಯಸದಿರುವುದೇ ವ್ರತ. ಆದರೆ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿಗಳು ಕೂಡಿರುವ ಮನೆಯಲ್ಲಿ ಇಂತಹ ಎಲ್ಲೆಯನ್ನು ಒಬ್ಬನೇ ಹಾಕಿ, ಒಬ್ಬನೇ ಕಾಯಲು ಸಾಧ್ಯವೇ? ಸಾಧ್ಯವಿಲ್ಲವೆಂದೇ ನನ್ನ ಅನುಭವ.

ನಮ್ಮದು ಕಾರ್ಕಳದ ಕಡೆಯ ಕೃಷಿಕ ಕುಟುಂಬ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಕರಾವಳಿಯ ಎಷ್ಟೋ ಜೈನ ಮನೆತನಗಳಂತೆ ನಮಗೂ ಗೇಣಿಯ ಅಕ್ಕಿಮುಡಿಗಳು ಬರುವುದು ನಿಂತಿತು. ಭೂಮಿ ಅದರಲ್ಲಿ ದುಡಿಯುತ್ತಿದ್ದವರ ಕೈಸೇರಿತು. ನಾನಾಗ ಶಾಲೆಯ ಬಾಲಕ. ನನ್ನ ತಂದೆಯವರು ತಾಯಿಯನ್ನೂ ಮಕ್ಕಳನ್ನೂ ಕುಳ್ಳಿರಿಸಿಕೊಂಡು, ಉಳಿದ ಅಡಕೆತೋಟದ ಆದಾಯ, ವರ್ಷದ ಖರ್ಚು, ಮಕ್ಕಳ ವಿದ್ಯೆಗೆ ಬೇಕಾದುದು, ಬಸದಿಗೆ ಸಲ್ಲಬೇಕಾದುದು, ಅಕ್ಕನ ಮದುವೆಗೆ ಮೀಸಲಿಡಬಹುದಾದುದು ಎಲ್ಲವನ್ನೂ ಓದಿ ಹೇಳಿ, ಒಂದು ಪುಸ್ತಕದಲ್ಲಿ ಬರೆಸಿದರು. ಅಂದಿನಿಂದ ಆ ಪುಸ್ತಕ ಯಾರ ಕಣ್ಣಿಗೂ ಮರೆಯಾಗಿರಲಿಲ್ಲ.

ಅದರ ಬೆಲೆ ಅಕ್ಕನ ಮದುವೆಯ ಕಾಲಕ್ಕೆ ತಿಳಿಯಿತು. ಮನೆತನದ ಘನತೆಗೆ ತಕ್ಕಂತೆ ಇನ್ನಷ್ಟು ಚಿನ್ನ ಹಾಕಬೇಕು, ಸಾಲ ಕೊಡಿಸುತ್ತೇನೆ ಎಂದು ದೊಡ್ಡಪ್ಪ ಒತ್ತಾಯಿಸಿದರು. ತಂದೆಯವರು ಅಣ್ಣನ ಮಾತಿಗೆ ಎದುರಾಡಲಾರದೆ ಸುಮ್ಮನಿದ್ದರು. ಉತ್ತರ ಕೊಟ್ಟವರು ತಾಯಿ: “ಭಾವ, ಲೆಕ್ಕ ನನಗೂ ಗೊತ್ತಿದೆ, ಮಗಳಿಗೂ ಗೊತ್ತಿದೆ. ಅವಳಿಗೆಂದು ಬರೆದಿಟ್ಟದ್ದನ್ನು ಕೊಡುತ್ತೇವೆ. ಸಾಲದ ಚಿನ್ನ ಅವಳಿಗೂ ಬೇಡ.” ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಹೌದೆಂದು ತಲೆಯಾಡಿಸಿದಳು. ಲೆಕ್ಕ ತಿಳಿಯದವರಿಗೆ ಇಂತಹ ಮಾತಾಡುವ ಧೈರ್ಯ ಬರುವುದಿಲ್ಲ.

ನಮ್ಮ ಬಂಧುಗಳದೇ ಇನ್ನೊಂದು ಮನೆಯಲ್ಲಿ ಬೇರೆ ರೀತಿ ನಡೆಯಿತು. ಆದಾಯ ಕುಗ್ಗಿದರೂ ಹಬ್ಬ, ಹರಕೆ, ಆತಿಥ್ಯಗಳಲ್ಲಿ ಏನೂ ಕುಗ್ಗಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಸಾಲ ಕೊಟ್ಟವರು ಒಬ್ಬೊಬ್ಬರಾಗಿ ಜಗಲಿಗೆ ಬಂದು ಕುಳಿತಾಗಲೇ ಆ ತಾಯಿಗೆ ಸಂಗತಿ ತಿಳಿದದ್ದು. ತೋಟದ ಅರ್ಧಭಾಗ ಮಾರಬೇಕಾಯಿತು. ಆಕೆ ನನ್ನೊಡನೆ ಹೇಳಿದ ಮಾತು ಇದು: “ತೋಟ ಹೋದದ್ದಕ್ಕಿಂತ, ಇಷ್ಟು ವರ್ಷ ಅವರೊಬ್ಬರೇ ಇದನ್ನು ಹೊತ್ತರಲ್ಲ ಎಂಬುದೇ ನನ್ನ ಸಂಕಟ.”

ಸಮಂತಭದ್ರರು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂದು ಐದನ್ನು ಹೇಳುತ್ತಾರೆ. ಲೋಭವನ್ನು ಎಲ್ಲರೂ ಬಲ್ಲೆವು. ನನ್ನನ್ನು ಚಿಂತನೆಗೆ ಹಚ್ಚಿದ್ದು ವಿಸ್ಮಯ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ವ್ರತಕ್ಕೆ ದೋಷವೇ! ನೆರೆಮನೆಯ ಕಾರು, ಬಂಧುಗಳ ಮದುವೆಯ ಛತ್ರ ಇವುಗಳಿಂದ ನಮ್ಮ ಇಚ್ಛೆ ಬೆಳೆಯುತ್ತದೆ. ಅತಿಭಾರವಹನವೆಂದರೆ ಮೂಲದಲ್ಲಿ ಲೋಭದಿಂದ ಮಿತಿಮೀರಿ ಹೊರೆ ಹೇರುವುದು. ಆದಾಯಕ್ಕೆ ಮೀರಿದ ಕಂತಿನ ಸಾಲಗಳನ್ನು ಕುಟುಂಬದ ಬೆನ್ನಿಗೆ ಹೇರುವುದೂ ಅದೇ ಜಾತಿಯದೆಂದು ನಾನು ತಿಳಿಯುತ್ತೇನೆ.

ಈ ವಿಸ್ಮಯ ಬಸದಿಯ ಅಂಗಳವನ್ನೂ ಬಿಟ್ಟಿಲ್ಲ. ಕಲಶದ ಸವಾಲಿನಲ್ಲಿ ಮೊತ್ತ ಏರುತ್ತಿರುವಾಗ, ಸಭೆಯ ಉತ್ಸಾಹಕ್ಕೆ ಸಿಕ್ಕಿ, ಮನೆಯವರನ್ನು ಕೇಳದೆ ಕೂಗುವವರುಂಟು. ದಾನ ಶ್ರಾವಕನ ಕರ್ತವ್ಯವೇ. ಆದರೆ ಮಗುವಿನ ಶಾಲೆಯ ಶುಲ್ಕಕ್ಕೆ ಇಟ್ಟಿದ್ದುದನ್ನು ಹೆಸರಿಗಾಗಿ ಸುರಿದರೆ, ಅಲ್ಲಿ ಮೂರ್ಛೆ ಕರಗಲಿಲ್ಲ, ಹಣದಿಂದ ಕೀರ್ತಿಗೆ ಜಿಗಿಯಿತು. ಚಾವುಂಡರಾಯನ ತುಂಬುಕೊಡಗಳ ಅಭಿಷೇಕ ಗೊಮ್ಮಟನ ಪಾದವನ್ನು ಮುಟ್ಟದೆ, ಗುಳ್ಳಕಾಯಜ್ಜಿಯ ಗುಳ್ಳದಷ್ಟು ಹಾಲು ಮುಟ್ಟಿತೆಂಬ ಐತಿಹ್ಯವನ್ನು ನಾವೆಲ್ಲ ಕೇಳಿದ್ದೇವೆ. ಬಸದಿಗಳ ಆಡಳಿತ ಮಂಡಳಿಗಳು ಸವಾಲು ಕೂಗಿದವರಿಗೆ ಮನೆಯವರೊಡನೆ ವಿಚಾರಿಸಲು ಒಂದು ದಿನದ ಅವಕಾಶ ನೀಡುವುದೂ, ಬಂದ ಹಣದ ವಿನಿಯೋಗವನ್ನು ಸಮಾಜದ ಮುಂದೆ ಓದುವುದೂ ಶ್ರೇಯಸ್ಕರ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮಕ್ಕೆ ಮೀಸಲು. ಅಂದು ಪೂಜೆ ಪ್ರವಚನಗಳು ಮುಗಿದ ಮೇಲೆ ಮನೆಮಂದಿಯೆಲ್ಲ ಒಂದು ತಾಸು ಕುಳಿತು ಲೆಕ್ಕ ನೋಡಬಾರದೇಕೆ? ಆದಾಯ, ಸಾಲ, ಉಳಿತಾಯ, ವಿಮೆ, ಯಾವ ಖಾತೆಗೆ ಯಾರು ನಾಮಿನಿ ಎಂಬುದೆಲ್ಲ ಬರಹಕ್ಕೆ ಬರಲಿ. ಮುಂದಿನ ವರ್ಷ ಏನನ್ನು ಕೊಳ್ಳುವುದಿಲ್ಲ, ಎಷ್ಟಕ್ಕಿಂತ ಹೆಚ್ಚು ಸಾಲ ಮಾಡುವುದಿಲ್ಲ, ಎಷ್ಟನ್ನು ದಾನಕ್ಕೆ ಮೀಸಲಿಡುತ್ತೇವೆ ಎಂಬುದು ಎಲ್ಲರ ಒಪ್ಪಿಗೆಯಿಂದ ನಿಶ್ಚಯವಾಗಲಿ. ಹೆಣ್ಣುಮಕ್ಕಳೂ ಅಲ್ಲಿ ಕುಳಿತಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಹಕ್ಕುಳ್ಳವಳಿಗೆ ಲೆಕ್ಕವನ್ನು ಮರೆಮಾಡುವುದು ನ್ಯಾಯವಲ್ಲ.

ಮಕ್ಕಳ ಮುಂದೆ ಹಣದ ಮಾತಾಡಿದರೆ ಅವರಲ್ಲಿ ಧನಾಸೆ ಹುಟ್ಟೀತೆಂಬ ಅಂಜಿಕೆ ಕೆಲವರಿಗಿದೆ. ಮುಚ್ಚಿಟ್ಟ ಹಣವೇ ಮಕ್ಕಳಲ್ಲಿ ಕುತೂಹಲವನ್ನೂ ದಾಯಾದಿಗಳಲ್ಲಿ ಸಂಶಯವನ್ನೂ ಹುಟ್ಟಿಸುತ್ತದೆ. ತೆರೆದಿಟ್ಟ ಲೆಕ್ಕದಲ್ಲಿ ಮಗು ಹಣವನ್ನಷ್ಟೇ ಅಲ್ಲ, ತಂದೆತಾಯಿಗಳು ಎಲ್ಲಿ ಸಾಕೆಂದರೆಂಬುದನ್ನೂ ಕಾಣುತ್ತದೆ. ಆ ‘ಸಾಕು’ ಎಂಬ ಮಾತು ಒಬ್ಬನ ಬಾಯಲ್ಲಿ ಬಂದರೆ ಕಟ್ಟಳೆಯೆನಿಸುತ್ತದೆ. ಮನೆಮಂದಿಯೆಲ್ಲ ಕೂಡಿ ನುಡಿದರೆ ವ್ರತವಾಗುತ್ತದೆ.