ಕಂದು ಹಕ್ಕಿಯ ಪಂಚಮ

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ದನಿ ಕೇಳಿಸಿ, "ಇದು ಯಾರು ಹೇಳಮ್ಮ" ಎಂದಳು. ಯಾರೋ ಹುಡುಗ ಸಿಳ್ಳೆ ಹಾಕುತ್ತ ಹೋಗುತ್ತಿದ್ದಾನೆ ಅಂದುಕೊಂಡೆ. ಅಲ್ಲವಂತೆ, ಹಕ್ಕಿ! ಅಮೆಜಾನ್ ಮಳೆಕಾಡಿನ ಉಯಿರಾಪುರು. ಗುಬ್ಬಚ್ಚಿಗಿಂತ ಚಿಕ್ಕದು, ಮೈಯೆಲ್ಲ ಕಂದು, ಕತ್ತಿನ ಬಳಿ ಮಾತ್ರ ಇಟ್ಟಿಗೆಗೆಂಪು. ನೆಲದಲ್ಲಿ ಹುಳು ಹೆಕ್ಕಿ ತಿನ್ನುವ ಈ ಬಡಪಾಯಿ ಹಾಡಿದರೆ ಉಳಿದ ಹಕ್ಕಿಗಳೆಲ್ಲ ಸುಮ್ಮನಾಗುತ್ತವೆ ಎಂದು ಅಲ್ಲಿಯವರ ನಂಬಿಕೆ. ಬ್ರೆಜಿಲ್ಲಿನ ಸಂಗೀತಗಾರ ವಿಲ್ಲಾ-ಲೋಬೋಸ್ 1917ರಲ್ಲಿ ಇದರ ಹೆಸರಿನಲ್ಲೇ ಒಂದು ಕೃತಿ ರಚಿಸಿದರು. ಇದರ ಸ್ವರಗಳನ್ನು ಅಳೆದ ಸಂಶೋಧಕರಿಗೆ ಸ-ಪ, ಸ-ಮ, ಸ-ಮೇಲಿನ ಸ, ಈ ಅಂತರಗಳೇ ಎದ್ದು ಕಂಡವಂತೆ. ನಮ್ಮ ತಂಬೂರಿ ನೆನಪಾಯಿತು.

ಆದರೆ ಅದೃಷ್ಟ ತರುತ್ತದೆಂದು ಜನ ಅದನ್ನು ಕೊಂದು, ಒಣಗಿಸಿ, ತಾಯಿತದಂತೆ ಇಟ್ಟುಕೊಳ್ಳುತ್ತಿದ್ದರಂತೆ. ಪ್ರೀತಿಗೆ, ವ್ಯಾಪಾರಕ್ಕೆ ಒಳ್ಳೆಯದೆಂದು. ಒಣಗಿದ ಹಕ್ಕಿ ಹಾಡುವುದುಂಟೆ?

ನನ್ನನ್ನು ನೋಡಲು ಬಂದ ದಿನ ಗಂಡಿನ ಕಡೆಯವರು ಎರಡು ಹಾಡು ಹೇಳಿಸಿದ್ದರು. ಬಣ್ಣ ಸ್ವಲ್ಪ ಕಡಿಮೆ, ಕಂಠ ಚೆನ್ನಾಗಿದೆ ಎಂದೇ ಒಪ್ಪಿದ್ದು. ಮದುವೆಯಾದ ಮೇಲೆ ಸಂಜೆ ಶ್ರುತಿಪೆಟ್ಟಿಗೆ ತೆಗೆದರೆ "ಒಲೆ ಮೇಲೆ ಹಾಲಿದೆ" ಎನ್ನುತ್ತಿದ್ದರು. ಪೆಟ್ಟಿಗೆ ಅಟ್ಟ ಸೇರಿತು. "ನಮ್ಮ ಸೊಸೆ ಸಂಗೀತ ಕಲಿತವಳು" ಎಂದು ಬಂದವರಿಗೆ ಹೇಳುವುದು ಮಾತ್ರ ತಪ್ಪಲಿಲ್ಲ.

ಮಗಳಿಗೆ ಇದೆಲ್ಲ ಗೊತ್ತಿಲ್ಲ. ಇನ್ನೊಮ್ಮೆ ಹಾಕು ಎಂದೆ. ಹಕ್ಕಿಯ ಶ್ರುತಿಗೆ ಸ ಹಿಡಿಯಲು ನೋಡಿದೆ, ದನಿ ಒಡೆಯಿತು. ಮೂರನೆಯ ಸಲಕ್ಕೆ ಪಂಚಮ ಸಿಕ್ಕಿತು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಮಗಳು ಓಡಿದಳು, ನಾನು ಏಳಲಿಲ್ಲ.